ಲ್ಯಾಪ್‌ಟಾಪ್‌ನಲ್ಲಿ 3, ಪೈನಲ್ಲಿ 15: ಸಿ ಲೈಬ್ರರಿಯ ವಾರ್ನಿಂಗುಗಳನ್ನು ತಿದ್ದುವ ಬಗೆ

"ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರ? ಕ, ನ್ನ, ಡ. ಮೂರು. ಇದನ್ನೇ ಎಣಿಸಲು ನಾನೊಂದು ಪುಟ್ಟ ಸಿ ಲೈಬ್ರರಿ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಸರಿಯಾಗಿ 3 ಎನ್ನುತ್ತಿತ್ತು. ಗೆಳೆಯನೊಬ್ಬ ಅದನ್ನು ತನ್ನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡಿಸಿ ಫೋನ್ ಮಾಡಿದ. "ನಿನ್ನ ಲೆಕ್ಕದಲ್ಲಿ ಕನ್ನಡಕ್ಕೆ 15 ಅಕ್ಷರ ಕಣೋ," ಎಂದು ನಕ್ಕ.

ಹದಿನೈದು ಎಲ್ಲಿಂದ ಬಂತು? ಯೂನಿಕೋಡ್‌ನಲ್ಲಿ ಈ ಪದ ಐದು ತುಂಡು: ಕ, ನ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ನ, ಡ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ತುಂಡಿಗೂ 3 ಬೈಟ್. ಒಟ್ಟು 15 ಬೈಟ್. ನನ್ನ ಕೋಡ್ "ಈ ಬೈಟ್ ಸೊನ್ನೆಗಿಂತ ಕಡಿಮೆಯೇ?" ಎಂದು ಕೇಳುತ್ತಿತ್ತು. ಹೌದಾದರೆ ಕನ್ನಡ, ಇಲ್ಲವಾದರೆ ಇಂಗ್ಲಿಷ್. ಇಂಟೆಲ್ ಮೇಲಿನ ಲಿನಕ್ಸ್‌ನಲ್ಲಿ ಸಾದಾ ಚಾರ್ ಎಂದರೆ ಸೈನ್ಡ್. ಕನ್ನಡದ ಮೊದಲ ಬೈಟ್ 224, ಅದು ಅಲ್ಲಿ ಮೈನಸ್ 32 ಆಗಿ ಕಾಣುತ್ತದೆ. ಪೈನಲ್ಲಿರುವ ಆರ್ಮ್ ಪ್ರೊಸೆಸರ್ ಮೇಲಿನ ಲಿನಕ್ಸ್‌ನಲ್ಲಿ ಅದೇ ಚಾರ್ ಅನ್‌ಸೈನ್ಡ್. ಅಲ್ಲಿ ಮೈನಸ್ ಅನ್ನೋದೇ ಇಲ್ಲ. ಹಾಗಾಗಿ ಪ್ರತಿ ಬೈಟೂ ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಎಣಿಕೆಗೆ ಬಂತು.

ಆಮೇಲೆ ಎಲ್ಲ ವಾರ್ನಿಂಗುಗಳನ್ನೂ ಆನ್ ಮಾಡಿ ಬಿಲ್ಡ್ ಮಾಡಿದೆ. ಪರದೆ ತುಂಬಿ ಹರಿಯಿತು. ಅದನ್ನು ಸ್ವಚ್ಛ ಮಾಡುತ್ತಾ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮಗೆ ಸಿ ಬರುತ್ತದೆ, ಒಂದು ಶೇರ್ಡ್ ಲೈಬ್ರರಿಯನ್ನು ನೋಡಿಕೊಳ್ಳುವ ಕೆಲಸ ನಿಮ್ಮ ತಲೆ ಮೇಲಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಒಂದು ಮಾತು. ಫ್ಲ್ಯಾಗುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆಯೇ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಮುಂದೆ ಒಂದು ಹೈಫನ್ ಇರಬೇಕು. "ಡಬ್ಲ್ಯೂ-ಆಲ್" ಎಂದಾಗ ಡಬ್ಲ್ಯೂ ದೊಡ್ಡಕ್ಷರ.

ಹೆಜ್ಜೆ 1: ಮೊದಲ ದಿನ ಕೋಡ್ ಮುಟ್ಟಬೇಡಿ

ಹಳೆಯ ಬಿಲ್ಡ್ ಪೂರ್ತಿ ಅಳಿಸಿ. ಇಲ್ಲದಿದ್ದರೆ ಮೇಕ್ ಬದಲಾದ ಫೈಲುಗಳನ್ನು ಮಾತ್ರ ಕಂಪೈಲ್ ಮಾಡುತ್ತದೆ, ಮಿಕ್ಕ ಫೈಲುಗಳ ವಾರ್ನಿಂಗು ನಿಮಗೆ ಕಾಣುವುದೇ ಇಲ್ಲ. ಡಬ್ಲ್ಯೂ-ಆಲ್, ಡಬ್ಲ್ಯೂ-ಎಕ್ಸ್‌ಟ್ರಾ ಎರಡನ್ನೂ ಹಾಕಿ. ಜೊತೆಗೆ ಓ2 ಹಾಕಿ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ: ಬೆಲೆ ತುಂಬದ ವೇರಿಯಬಲ್ ಬಳಸಿದ್ದೀರಿ ಎನ್ನುವಂಥ ಕೆಲವು ವಾರ್ನಿಂಗುಗಳು ಆಪ್ಟಿಮೈಸೇಶನ್ ಆನ್ ಇದ್ದಾಗ ಮಾತ್ರ ಸರಿಯಾಗಿ ಬರುತ್ತವೆ. ಡೇಟಾ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಕಂಪೈಲರ್ ಆಗ ತಾನೇ ಲೆಕ್ಕ ಹಾಕುವುದು.

ಹೆಸರಿನಲ್ಲಿ "ಆಲ್" ಇದೆ ಎಂದು ಮೋಸ ಹೋಗಬೇಡಿ. ಡಬ್ಲ್ಯೂ-ಆಲ್‌ನಲ್ಲಿ ಎಲ್ಲ ವಾರ್ನಿಂಗೂ ಇಲ್ಲ. ಸೈನ್ಡ್, ಅನ್‌ಸೈನ್ಡ್ ಸಂಖ್ಯೆಗಳನ್ನು ಹೋಲಿಸಿದರೆ ಬರುವ ವಾರ್ನಿಂಗು ಸಿ ಭಾಷೆಗೆ ಎಕ್ಸ್‌ಟ್ರಾದಲ್ಲಿದೆ. ದೊಡ್ಡ ಸಂಖ್ಯೆಯನ್ನು ಸಣ್ಣ ಟೈಪಿಗೆ ತುರುಕಿದರೆ ಎಚ್ಚರಿಸುವ ಡಬ್ಲ್ಯೂ-ಕನ್ವರ್ಶನ್ ಎರಡರಲ್ಲೂ ಇಲ್ಲ, ಬೇರೆಯಾಗಿಯೇ ಕೇಳಬೇಕು. ಅದನ್ನು ಮೊದಲ ದಿನವೇ ಹಾಕಬೇಡಿ. ಹಳೆಯ ಕೋಡ್ ಮೇಲೆ ಹಾಕಿದರೆ ಸಾಲು ಸಾಲಾಗಿ ಬಂದು ಮುಖ್ಯವಾದದ್ದನ್ನು ಮುಳುಗಿಸಿಬಿಡುತ್ತದೆ. ಕ್ಲ್ಯಾಂಗ್ ಎಂಬ ಕಂಪೈಲರಿನ ಡಬ್ಲ್ಯೂ-ಎವೆರಿಥಿಂಗ್ ಅಂತೂ ಒಂದಕ್ಕೊಂದು ವಿರುದ್ಧವಾದ ಸಲಹೆಗಳನ್ನೂ ಕೊಡುತ್ತದೆ. ಅದು ಕುತೂಹಲಕ್ಕೆ ಸರಿ.

ಬಂದದ್ದನ್ನೆಲ್ಲ ಫೈಲಿಗೆ ಬರೆಸಿಕೊಳ್ಳಿ. ಪ್ರತಿ ವಾರ್ನಿಂಗಿನ ಕೊನೆಯಲ್ಲಿ ಚೌಕದ ಕಂಸದೊಳಗೆ ಅದರ ಫ್ಲ್ಯಾಗ್ ಹೆಸರಿರುತ್ತದೆ. ಆ ಹೆಸರಿನ ಮೇಲೆ ಸಾರ್ಟ್ ಮಾಡಿ ಎಣಿಸಿ. ಫೈಲ್ ಲೆಕ್ಕದಲ್ಲಿ ತಿದ್ದುತ್ತಾ ಹೋದರೆ ತಲೆ ಕೆಡುತ್ತದೆ. ಬಗೆಯ ಲೆಕ್ಕದಲ್ಲಿ ತಿದ್ದಿದರೆ ಒಂದು ಬಗೆಗೆ ಒಂದು ಕಮಿಟ್, ಮುಂದೆ ಏನಾದರೂ ಮುರಿದರೆ ಹುಡುಕುವುದೂ ಸುಲಭ.

ಇದನ್ನೇ ಇನ್ನೊಂದು ಕಂಪೈಲರಿನಲ್ಲೂ ಮಾಡಿ. ಜಿಸಿಸಿಗೆ ಕಾಣದ್ದು ಕ್ಲ್ಯಾಂಗ್‌ಗೆ ಕಾಣುತ್ತದೆ, ಕ್ಲ್ಯಾಂಗ್‌ಗೆ ಕಾಣದ್ದು ಜಿಸಿಸಿಗೆ. ವಿಂಡೋಸ್ ಬೇಕಿದ್ದರೆ ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಡಬ್ಲ್ಯೂ4 ಮಟ್ಟ.

ಹೆಜ್ಜೆ 2: ಡಿಕ್ಲೇರ್ ಆಗದ ಫಂಕ್ಷನ್‌ಗಳು

ಪಟ್ಟಿಯಲ್ಲಿ "ಇಂಪ್ಲಿಸಿಟ್ ಡಿಕ್ಲರೇಶನ್" ಎಂದು ಒಂದೇ ಒಂದು ಇದ್ದರೂ ಮೊದಲು ಅದನ್ನು ಹಿಡಿಯಿರಿ. ಉಳಿದದ್ದೆಲ್ಲ ಕಾಯಬಹುದು.

ಸಿ89ರಲ್ಲಿ ಒಂದು ಫಂಕ್ಷನ್‌ನ ಪರಿಚಯವಿಲ್ಲದೆಯೇ ಅದನ್ನು ಕರೆಯಬಹುದಿತ್ತು. ಅದು ಇಂಟ್ ವಾಪಸ್ ಕೊಡುತ್ತದೆ ಎಂದು ಕಂಪೈಲರ್ ಊಹಿಸಿಕೊಳ್ಳುತ್ತಿತ್ತು. ಸಿ99 ಈ ಸವಲತ್ತನ್ನು ಕಿತ್ತುಹಾಕಿತು. ಆದರೂ ಹಳೆಯ ಕೋಡ್ ಕೆಡಬಾರದೆಂದು ಕಂಪೈಲರುಗಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಬರೀ ವಾರ್ನಿಂಗ್ ಕೊಟ್ಟು ಬಿಟ್ಟುಬಿಟ್ಟವು. 2023ರ ಕ್ಲ್ಯಾಂಗ್ 16 ಮತ್ತು 2024ರ ಜಿಸಿಸಿ 14 ಇದನ್ನು ಎರರ್ ಮಾಡಿದವು. ನಿನ್ನೆ ತನಕ ಬಿಲ್ಡ್ ಆಗುತ್ತಿದ್ದ ಲೈಬ್ರರಿ ಇವತ್ತು ಆಗುತ್ತಿಲ್ಲ ಎಂದರೆ ಬಹುಶಃ ಕಾರಣ ಇದೇ.

ಇದರಲ್ಲಿ ನಾನು ಬಿದ್ದ ಗುಂಡಿ ಸ್ಟ್ರ್‌ಡಪ್. ಸ್ಟ್ರಿಂಗ್‌ನ ಪ್ರತಿ ಮಾಡಿಕೊಡುವ ಈ ಫಂಕ್ಷನ್ ಬಹುಕಾಲ ಪೋಸಿಕ್ಸ್ ಎಂಬ ಯುನಿಕ್ಸ್ ಸ್ಟ್ಯಾಂಡರ್ಡಿನ ಸ್ವತ್ತಾಗಿತ್ತು, ಸಿ ಭಾಷೆಯ ಸ್ಟ್ಯಾಂಡರ್ಡಿಗೆ ಸೇರಿದ್ದು ಸಿ23ರಲ್ಲಿ. ನಾನು "ಕಟ್ಟುನಿಟ್ಟಾಗಿರಲಿ" ಎಂದು ಸ್ಟ್ಯಾಂಡರ್ಡ್ ಸಿ99 ಎಂದು ಫ್ಲ್ಯಾಗ್ ಕೊಟ್ಟೆ. ಆಗ ಹೆಡರ್ ಸೇರಿಸಿದ್ದರೂ ಸ್ಟ್ರ್‌ಡಪ್ ಕಾಣೆಯಾಯಿತು, ಏಕೆಂದರೆ ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಗ್ಲಿಬ್‌ಸಿ ಪೋಸಿಕ್ಸ್ ಹೆಸರುಗಳನ್ನು ಆ ಮೋಡ್‌ನಲ್ಲಿ ಮರೆಮಾಡುತ್ತದೆ. ಕಂಪೈಲರ್ "ಇದು ಇಂಟ್ ಕೊಡುತ್ತದೆ" ಎಂದುಕೊಂಡಿತು. 64 ಬಿಟ್‌ನ ಪಾಯಿಂಟರ್ 32 ಬಿಟ್‌ಗೆ ಕತ್ತರಿಸಿ ಹೋಯಿತು. ಮೇಲಿನ ಅರ್ಧ ಮಾಯ.

ತಮಾಷೆ ಎಂದರೆ ಕೆಲವು ಕಡೆ ಇದು ಸಲೀಸಾಗಿ ಓಡುತ್ತದೆ. ಹಳೆಯ ರೀತಿಯ, ಪೈ ಅಲ್ಲದ ಪ್ರೋಗ್ರಾಮಿನಲ್ಲಿ ಹೀಪ್ ಕೆಳಗಿನ ವಿಳಾಸಗಳಲ್ಲೇ ಇರುತ್ತದೆ. ಮೇಲಿನ ಅರ್ಧ ಹೇಗೂ ಸೊನ್ನೆ, ಕತ್ತರಿಸಿದರೂ ಏನೂ ಆಗುವುದಿಲ್ಲ. ಡಿಸ್ಟ್ರೋಗಳು ಎಲ್ಲ ಪ್ರೋಗ್ರಾಮುಗಳನ್ನೂ ಪೈ ಆಗಿ ಕಟ್ಟಲು ಶುರು ಮಾಡಿದ ಮೇಲೆ ಹೀಪ್ ಎತ್ತರದ ವಿಳಾಸಕ್ಕೆ ಹೋಯಿತು, ಕ್ರ್ಯಾಶ್ ಶುರುವಾಯಿತು. (ಈ ಪೈಗೂ ಗೆಳೆಯನ ರಾಸ್ಪ್‌ಬೆರಿ ಪೈಗೂ ಸಂಬಂಧವಿಲ್ಲ. ಎಲ್ಲಿ ಬೇಕಾದರೂ ಲೋಡ್ ಆಗಬಲ್ಲ ಪ್ರೋಗ್ರಾಮಿಗೆ ಆ ಹೆಸರು.)

ತಿದ್ದುವ ಬಗೆ ಹೀಗೆ. ಮ್ಯಾನ್ ಪೇಜ್ ತೆರೆಯಿರಿ. ಯಾವ ಹೆಡರ್, ಯಾವ ಫೀಚರ್ ಟೆಸ್ಟ್ ಮ್ಯಾಕ್ರೋ ಬೇಕು ಎಂದು ಅಲ್ಲೇ ಬರೆದಿರುತ್ತದೆ. ಸ್ಟ್ರ್‌ಡಪ್‌ಗಾದರೆ ಪೋಸಿಕ್ಸ್ ಸಿ ಸೋರ್ಸ್ ಎಂಬ ಮ್ಯಾಕ್ರೋಗೆ 200809 ಎಲ್ ಎಂಬ ಬೆಲೆ ಕೊಡಬೇಕು. ಇದನ್ನು ಎಲ್ಲ ಇನ್‌ಕ್ಲೂಡ್‌ಗಳಿಗಿಂತ ಮೇಲೆ ಬರೆಯಿರಿ, ಕೆಳಗೆ ಬರೆದರೆ ಪ್ರಯೋಜನವಿಲ್ಲ. ಇನ್ನೂ ಒಳ್ಳೆಯದು ಬಿಲ್ಡ್ ಫೈಲಿನಲ್ಲೇ ಒಮ್ಮೆ ಕೊಡುವುದು. ಬಂದ ಇಂಟನ್ನು ಚಾರ್ ಪಾಯಿಂಟರಿಗೆ ಕಾಸ್ಟ್ ಮಾಡಿ ಬಾಯಿ ಮುಚ್ಚಿಸಬೇಡಿ. ಪಾಯಿಂಟರ್ ಅಷ್ಟರಲ್ಲಾಗಲೇ ಕತ್ತರಿಸಿ ಹೋಗಿರುತ್ತದೆ.

ಇದೇ ಹೆಜ್ಜೆಯಲ್ಲಿ ಕಾನ್ಫಿಗರ್ ಸ್ಕ್ರಿಪ್ಟನ್ನೂ ನೋಡಿ. ಆಟೋಕಾನ್ಫ್‌ನಿಂದ ಹುಟ್ಟುವ ಈ ಸ್ಕ್ರಿಪ್ಟು, ಸಿಸ್ಟಮ್‌ನಲ್ಲಿ ಏನೇನಿದೆ ಎಂದು ತಿಳಿಯಲು, ಪುಟ್ಟ ಪುಟ್ಟ ಪ್ರೋಗ್ರಾಮು ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ "ಇದೆ", ಆಗದಿದ್ದರೆ "ಇಲ್ಲ". ಹಳೆಯ ಸ್ಕ್ರಿಪ್ಟಿನ ಈ ಪುಟ್ಟ ಪ್ರೋಗ್ರಾಮುಗಳಲ್ಲೇ ಮೈನ್‌ಗೆ ಇಂಟ್ ಬರೆದಿರುವುದಿಲ್ಲ, ಎಕ್ಸಿಟ್‌ಗೆ ಹೆಡರ್ ಹಾಕಿರುವುದಿಲ್ಲ. ಹೊಸ ಕಂಪೈಲರ್ ಅದನ್ನು ತಿರಸ್ಕರಿಸುತ್ತದೆ. ಕಾನ್ಫಿಗರ್ ಸುಮ್ನೆ "ಈ ಸಿಸ್ಟಮ್‌ನಲ್ಲಿ ಆ ಫಂಕ್ಷನ್ ಇಲ್ಲ" ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಆದರೆ ನಿಮ್ಮ ಲೈಬ್ರರಿ ಒಂದು ಸೌಲಭ್ಯ ಕಳೆದುಕೊಂಡಿದೆ. ಹಳೆಯ ಮತ್ತು ಹೊಸ ಕಂಪೈಲರಿನಲ್ಲಿ ಹುಟ್ಟಿದ ಕಾನ್ಫಿಗ್ ಹೆಡರುಗಳನ್ನು ಪಕ್ಕ ಪಕ್ಕ ಇಟ್ಟು ಡಿಫ್ ಮಾಡಿ. ಐದು ನಿಮಿಷದ ಕೆಲಸ.

ಇನ್ನು 2025ರ ಜಿಸಿಸಿ 15. ಅದು ತಾನಾಗಿಯೇ ಸಿ23ಕ್ಕೆ ಹೊರಳಿದೆ. ಅದರಲ್ಲಿ ಫಂಕ್ಷನ್ ಹೆಸರಿನ ಮುಂದೆ ಖಾಲಿ ಕಂಸ ಎಂದರೆ "ಒಂದೂ ಆರ್ಗ್ಯುಮೆಂಟ್ ಇಲ್ಲ" ಎಂದೇ ಅರ್ಥ. ಮೊದಲು "ಎಷ್ಟಾದರೂ ಇರಲಿ" ಎಂದಿತ್ತು. ಬೂಲ್, ಟ್ರೂ, ಫಾಲ್ಸ್ ಈಗ ಭಾಷೆಯ ಕೀವರ್ಡುಗಳು. ನೀವೇ ಬೂಲ್ ಎಂದು ಟೈಪ್‌ಡೆಫ್ ಮಾಡಿಕೊಂಡಿದ್ದರೆ ಕಿತ್ತು, ಎಸ್‌ಟಿಡಿ-ಬೂಲ್ ಹೆಡರ್ ಸೇರಿಸಿ. ಅದು ಹಳೆಯದರಲ್ಲೂ ಹೊಸದರಲ್ಲೂ ನಡೆಯುತ್ತದೆ.

ಹೆಜ್ಜೆ 3: ಚಾರ್, ಲಾಂಗ್ ಮತ್ತು ಸೈಜ್-ಟಿ

ಈಗ ನಮ್ಮ 15ಕ್ಕೆ ಬರೋಣ. ಬೈಟ್‌ಗಳ ಜೊತೆ ಲೆಕ್ಕ ಮಾಡುವ ಕಡೆ ಸಾದಾ ಚಾರ್ ಬಳಸಬಾರದು. ಬೈಟನ್ನು ಓದಿದ ಕೂಡಲೇ ಅನ್‌ಸೈನ್ಡ್ ಚಾರ್‌ಗೆ ಹಾಕಿಕೊಳ್ಳಿ, ಆಮೇಲೆ 128ಕ್ಕೆ ಹೋಲಿಸಿ. ಹಾಗೆಂದು ಸಾದಾ ಚಾರನ್ನೇ ಇಟ್ಟುಕೊಂಡು 128ಕ್ಕೆ ಹೋಲಿಸಿದರೆ ಇಂಟೆಲ್‌ನಲ್ಲಿ ಉಲ್ಟಾ ಆಗುತ್ತದೆ. ಅಲ್ಲಿ ಚಾರ್ 127 ದಾಟುವುದೇ ಇಲ್ಲ. "ಈ ಹೋಲಿಕೆ ಯಾವಾಗಲೂ ಸುಳ್ಳು" ಎಂದು ಕಂಪೈಲರ್ ಹೇಳಿದರೆ ನಂಬಿ, ಅದು ಗಣಿತ.

ಇದನ್ನು ಪರೀಕ್ಷಿಸಲು ಪೈ ಕೊಳ್ಳಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಎಫ್-ಅನ್‌ಸೈನ್ಡ್-ಚಾರ್ ಎಂಬ ಫ್ಲ್ಯಾಗ್ ಹಾಕಿ ಟೆಸ್ಟುಗಳನ್ನು ಓಡಿಸಿ. ನನ್ನದು ತಕ್ಷಣ 15 ಎಂದಿತು. ಈ ಫ್ಲ್ಯಾಗ್ ಮೊದಲೇ ಗೊತ್ತಿದ್ದರೆ ಆ ಫೋನ್ ಕಾಲ್ ತಪ್ಪುತ್ತಿತ್ತು! ಆದರೆ ಎಫ್-ಸೈನ್ಡ್-ಚಾರ್ ಎಂದು ಮೇಕ್‌ಫೈಲಿನಲ್ಲಿ ಬರೆದು "ಎಲ್ಲ ಕಡೆ ಇಂಟೆಲ್ ಥರ ಮಾಡು" ಎನ್ನುವುದು ಪರಿಹಾರವಲ್ಲ. ನಿಮ್ಮ ಹೆಡರನ್ನು ಸೇರಿಸಿಕೊಳ್ಳುವ ಬೇರೆಯವರ ಕೋಡಿಗೆ ಆ ಫ್ಲ್ಯಾಗ್ ಇರುವುದಿಲ್ಲ.

ಚಾರ್‌ನ ಇನ್ನೆರಡು ಚೇಷ್ಟೆಗಳು. ಗೆಟ್-ಸಿ ಕೊಟ್ಟದ್ದನ್ನು ಚಾರ್‌ನಲ್ಲಿ ಇಟ್ಟುಕೊಂಡು ಇಒಎಫ್‌ಗೆ ಹೋಲಿಸಿದರೆ, ಆರ್ಮ್ ಲಿನಕ್ಸ್‌ನಲ್ಲಿ ಲೂಪ್ ಮುಗಿಯುವುದೇ ಇಲ್ಲ. ಅದನ್ನು ಇಂಟ್‌ನಲ್ಲೇ ಇಟ್ಟುಕೊಳ್ಳಿ. ಎರಡನೆಯದು ಈಸ್-ಆಲ್ಫಾ, ಈಸ್-ಸ್ಪೇಸ್ ಗುಂಪು. ಇವಕ್ಕೆ ಮೈನಸ್ ಬೆಲೆ ಕೊಡುವಂತಿಲ್ಲ, ಇಒಎಫ್ ಒಂದನ್ನು ಬಿಟ್ಟು. ಗ್ಲಿಬ್‌ಸಿ ಮೈನಸ್ 128ರ ತನಕ ಸಹಿಸಿಕೊಳ್ಳುತ್ತದೆ, ಅದಕ್ಕೇ ನಮಗೆ ತಪ್ಪು ಗೊತ್ತಾಗುವುದಿಲ್ಲ. ಬೇರೆ ಸಿ ಲೈಬ್ರರಿಗಳು ಹಾಗೆ ಸಹಿಸಬೇಕೆಂದಿಲ್ಲ. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಈ ತಪ್ಪು ವರ್ಷಗಟ್ಟಲೆ ಕಾಣದಿರಬಹುದು. ಕನ್ನಡ ಕೊಟ್ಟರೆ ಮೊದಲ ಬೈಟಿಗೇ ಸಿಕ್ಕಿಬೀಳುತ್ತದೆ. ಹಾಗಾಗಿ ನಿಮ್ಮ ಲೈಬ್ರರಿ ಏನೇ ಮಾಡಲಿ, ಟೆಸ್ಟಿನಲ್ಲಿ ಒಂದು ಕನ್ನಡ ಸಾಲು ಇರಲಿ.

ಸೈನ್ಡ್, ಅನ್‌ಸೈನ್ಡ್ ಹೋಲಿಕೆಯ ವಾರ್ನಿಂಗು ಬಂದಾಗ ಕೈ ತಾನಾಗಿ ಕಾಸ್ಟ್ ಕಡೆ ಹೋಗುತ್ತದೆ. ತಡೆಯಿರಿ. ಉದ್ದ, ಎಣಿಕೆ, ಇಂಡೆಕ್ಸ್ ಯಾವುದೇ ಇರಲಿ, ಆ ವೇರಿಯಬಲ್‌ನ ಟೈಪನ್ನೇ ಸೈಜ್-ಟಿ ಮಾಡಿದರೆ ವಾರ್ನಿಂಗು ತಾನೇ ಹೋಗುತ್ತದೆ. ಒಂದು ಎಚ್ಚರ: ಕೊನೆಯಿಂದ ಹಿಂದಕ್ಕೆ ಎಣಿಸುವ ಲೂಪ್‌ಗಳು. "ಐ ಸೊನ್ನೆಗಿಂತ ದೊಡ್ಡದು ಅಥವಾ ಸಮ ಇರುವ ತನಕ" ಎಂಬ ಷರತ್ತು ಅನ್‌ಸೈನ್ಡ್‌ನಲ್ಲಿ ಯಾವಾಗಲೂ ನಿಜ. ಸೊನ್ನೆಯಿಂದ ಒಂದು ಕಳೆದರೆ ಅದು ಅತಿ ದೊಡ್ಡ ಸಂಖ್ಯೆಯಾಗಿಬಿಡುತ್ತದೆ. ಐ ಅನ್ನು ಉದ್ದದಿಂದಲೇ ಶುರು ಮಾಡಿ, ಷರತ್ತಿನಲ್ಲೇ "ಐ ಸೊನ್ನೆಗಿಂತ ದೊಡ್ಡದೇ ಎಂದು ನೋಡಿ, ನೋಡಿದ ಮೇಲೆ ಒಂದು ಇಳಿಸು" ಎಂದು ಬರೆಯಿರಿ. ಒಂದು ವಾರ್ನಿಂಗು ತಿದ್ದಲು ಹೋಗಿ ಮುಗಿಯದ ಲೂಪ್ ತಂದುಕೊಂಡವರಲ್ಲಿ ನಾನೂ ಒಬ್ಬ.

ಲಾಂಗ್ ಎಷ್ಟು ಉದ್ದ? 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 8 ಬೈಟ್. 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಹಾಗಾಗಿ ಪಾಯಿಂಟರನ್ನು ಲಾಂಗ್‌ಗೆ ಕಾಸ್ಟ್ ಮಾಡುವ ಹಳೆಯ ಚಾಳಿ ವಿಂಡೋಸ್‌ನಲ್ಲಿ ಕೈಕೊಡುತ್ತದೆ. ಅದಕ್ಕೆಂದೇ ಯುಇಂಟ್‌ಪಿಟಿಆರ್-ಟಿ ಇದೆ. ಇಂತಿಷ್ಟೇ ಬಿಟ್ ಬೇಕೆಂದರೆ ಎಸ್‌ಟಿಡಿ-ಇಂಟ್ ಹೆಡರಿನ ಟೈಪುಗಳು. ಪ್ರಿಂಟ್‌ಎಫ್‌ನಲ್ಲಿ ಸೈಜ್-ಟಿಗೆ ಪರ್ಸೆಂಟ್ ಜೆಡ್-ಯು, 64 ಬಿಟ್ ಸಂಖ್ಯೆಗೆ ಇಂಟ್‌ಟೈಪ್ಸ್ ಹೆಡರಿನ ಪಿಆರ್‌ಐ ಮ್ಯಾಕ್ರೋಗಳು. ನೋಡಲು ಕುರೂಪ, ಒಪ್ಪುತ್ತೇನೆ. ವೈಡ್ ಚಾರ್ ಲಿನಕ್ಸ್‌ನಲ್ಲಿ 4 ಬೈಟ್, ವಿಂಡೋಸ್‌ನಲ್ಲಿ 2. ಕನ್ನಡದ ಒಂದೊಂದು ಯೂನಿಕೋಡ್ ತುಂಡೂ 2 ಬೈಟ್‌ನಲ್ಲಿ ಹಿಡಿಯುತ್ತದೆ, ಇಮೋಜಿ ಹಿಡಿಯುವುದಿಲ್ಲ. ಲೈಬ್ರರಿಯ ಹೊರಮೈಯಲ್ಲಿ ಅದನ್ನು ಬಳಸದಿರುವುದೇ ವಾಸಿ.

ನಡುವೆ ಒಂದು ಕಥೆ, ಓದಿಯೇ ಮುಂದೆ ಹೋಗಿ

2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋದಲ್ಲಿ, ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ ಲೈಬ್ರರಿಯ ಪ್ಯಾಕೇಜಿನ ಮೇಲೆ, ಮೆಮೊರಿ ತಪ್ಪು ಹಿಡಿಯುವ ವ್ಯಾಲ್‌ಗ್ರೈಂಡ್ ಓಡಿಸಿದರೆ "ಬೆಲೆ ತುಂಬದ ಮೆಮೊರಿ ಬಳಸುತ್ತಿದ್ದೀರಿ" ಎಂಬ ದೂರು ಬರುತ್ತಿತ್ತು. ದೂರು ನಿಲ್ಲಿಸಲು ಒಂದೇ ಥರ ಕಾಣುತ್ತಿದ್ದ ಎರಡು ಸಾಲುಗಳನ್ನು ತೆಗೆಯಲಾಯಿತು. ಒಂದು ಸಾಲು ಹೋದರೆ ತೊಂದರೆ ಇರಲಿಲ್ಲ. ಇನ್ನೊಂದು ಮಾತ್ರ ರ‍್ಯಾಂಡಮ್ ಸಂಖ್ಯೆಗಳ ಕಣಜಕ್ಕೆ ಕಾಳು ತುಂಬುವ ಸಾಲೇ ಆಗಿತ್ತು. ಅದು ಹೋದ ಮೇಲೆ ಹೆಚ್ಚುಕಡಿಮೆ ಪ್ರೋಸೆಸ್ ಐಡಿ ಒಂದೇ ಉಳಿಯಿತು. ಆಗ ಪ್ರೋಸೆಸ್ ಐಡಿಯ ಮಿತಿ 32,768. ಎಂದರೆ ಒಂದೊಂದು ಬಗೆಯ ಯಂತ್ರದಲ್ಲಿ, ಒಂದೊಂದು ಅಳತೆಗೆ, ಹುಟ್ಟಬಹುದಾದ ಕೀಗಳೂ ಸುಮಾರು ಅಷ್ಟೇ. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬಹುದು. ಇದು ಹೊರಬಿದ್ದದ್ದು 2008ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಹುಟ್ಟಿದ ಎಸ್‌ಎಸ್‌ಎಚ್ ಕೀಗಳು ಲೋಕವೆಲ್ಲ ಹರಡಿದ್ದವು.

ನಾನು ಇದನ್ನು ಓದಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ವಾರ್ನಿಂಗು ತಿದ್ದುವ ಪ್ರತಿ ಕಮಿಟಿನ ಸಂದೇಶದಲ್ಲಿ "ವಾರ್ನಿಂಗು ತೆಗೆದೆ" ಎಂದು ಬರೆಯುವುದಿಲ್ಲ. ಈ ಸಾಲು ಏನು ಮಾಡುತ್ತಿತ್ತು, ಈಗ ಏನು ಮಾಡುತ್ತದೆ ಎಂದು ಬರೆಯುತ್ತೇನೆ. ಬರೆಯಲು ಬರದಿದ್ದರೆ ಆ ಸಾಲು ನನಗೆ ಇನ್ನೂ ಅರ್ಥವಾಗಿಲ್ಲ ಎಂದರ್ಥ, ಆವತ್ತು ಅದನ್ನು ಮುಟ್ಟುವುದಿಲ್ಲ. ಬೆಲೆ ತುಂಬದ ವೇರಿಯಬಲ್ ಎಂದ ತಕ್ಷಣ ಸೊನ್ನೆ ತುಂಬಿಬಿಡುವುದೂ ಇದೇ ಜಾತಿಯ ತಪ್ಪು. ಯಾವ ದಾರಿಯಲ್ಲಿ ಬೆಲೆ ಸಿಗದೆ ಬರುತ್ತಿದೆ ಎಂದು ಮೊದಲು ಹುಡುಕಿ. ಎಷ್ಟೋ ಸಲ ಅಲ್ಲಿ ಒಂದು ಎರರ್ ರಿಟರ್ನ್ ಮರೆತಿರುತ್ತದೆ.

ಹೆಜ್ಜೆ 4: ಫೈಲಿನಿಂದ ಸಂಖ್ಯೆ ಓದುವ ಜಾಗಗಳು

ನನ್ನ ಲೈಬ್ರರಿ ಒಂದು ನಿಘಂಟಿನ ಫೈಲನ್ನು ಓದುತ್ತಿತ್ತು. ಚಾರ್ ಪಾಯಿಂಟರನ್ನು 32 ಬಿಟ್ ಪಾಯಿಂಟರಿಗೆ ಕಾಸ್ಟ್ ಮಾಡಿ ನೇರ ಓದುವುದು ನನ್ನ ಪದ್ಧತಿ. ಒಂದೇ ಸಾಲಿನಲ್ಲಿ ಮೂರು ತಪ್ಪು. ವಿಳಾಸ ನಾಲ್ಕರಿಂದ ಭಾಗವಾಗದಿದ್ದರೆ ಕೆಲವು ಪ್ರೊಸೆಸರುಗಳು ಬಸ್ ಎರರ್ ಕೊಡುತ್ತವೆ. ಒಂದು ಟೈಪಿನ ಡೇಟಾವನ್ನು ಬೇರೆ ಟೈಪಿನ ಪಾಯಿಂಟರಿನಿಂದ ಓದಬಾರದೆಂಬ ಸ್ಟ್ರಿಕ್ಟ್ ಏಲಿಯಾಸಿಂಗ್ ನಿಯಮ ಮುರಿಯುವುದರಿಂದ ಓ2ನಲ್ಲಿ ಕಂಪೈಲರ್ ಏನು ಬೇಕಾದರೂ ಮಾಡಬಹುದು. ಐಬಿಎಮ್‌ನ ಎಸ್390ಎಕ್ಸ್‌ನಂಥ ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇಡುವ) ಯಂತ್ರದಲ್ಲಿ ಬೈಟ್‌ಗಳು ತಲೆಕೆಳಗಾಗುತ್ತವೆ.

ಮೂರಕ್ಕೂ ಒಂದೇ ಮದ್ದು: ನಾಲ್ಕು ಬೈಟ್‌ಗಳನ್ನು ಒಂದೊಂದಾಗಿ ಓದಿ, ಶಿಫ್ಟ್ ಮಾಡಿ ಜೋಡಿಸುವ ಒಂದು ಪುಟ್ಟ ಫಂಕ್ಷನ್. ನಿಧಾನವಾಗುತ್ತದೆ ಎಂದು ಹೆದರಬೇಡಿ, ಈಗಿನ ಕಂಪೈಲರುಗಳು ಸಾಮಾನ್ಯವಾಗಿ ಇದನ್ನು ಗುರುತಿಸಿ ಒಂದೇ ಲೋಡ್ ಮಾಡುತ್ತವೆ. ಶಿಫ್ಟ್ ಮಾಡುವ ಮೊದಲು ಪ್ರತಿ ಬೈಟನ್ನೂ 32 ಬಿಟ್ ಅನ್‌ಸೈನ್ಡ್ ಮಾಡಿಕೊಳ್ಳಿ. ಇಲ್ಲವಾದರೆ ಅದು ಇಂಟ್ ಆಗಿಯೇ ಇರುತ್ತದೆ. 127 ದಾಟಿದ ಬೈಟನ್ನು 24 ಸ್ಥಾನ ಎಡಕ್ಕೆ ಸರಿಸಿದರೆ ಇಂಟ್ ಉಕ್ಕಿ ಹರಿಯುತ್ತದೆ. ಎಲ್ಲ ವಾರ್ನಿಂಗೂ ಆನ್ ಇದ್ದರೂ ಇದನ್ನು ಕಂಪೈಲರ್ ನನಗೆ ಹೇಳಲಿಲ್ಲ. ಹೇಳಿದ್ದು ಯುಬಿಸ್ಯಾನ್ (ಅನ್‌ಡಿಫೈನ್ಡ್ ಸ್ಯಾನಿಟೈಸರ್, ಪ್ರೋಗ್ರಾಮು ಓಡುವಾಗಲೇ ತಪ್ಪು ಹಿಡಿಯುವ ಸಾಧನ), ಟೆಸ್ಟ್ ಓಡಿಸುವಾಗ.

ವಿಂಡೋಸ್‌ಗೆ ಇನ್ನೊಂದು: ಇಂಥ ಫೈಲುಗಳನ್ನು ಆರ್-ಬಿ ಎಂದೇ ತೆರೆಯಿರಿ. ಬರೀ ಆರ್ ಎಂದರೆ ಅಲ್ಲಿ ಸಾಲಿನ ಕೊನೆಯ ಬೈಟ್‌ಗಳನ್ನು ಬದಲಿಸಿಬಿಡುತ್ತದೆ.

ಹೆಜ್ಜೆ 5: ಹೊರಗೆ ಕಾಣುವುದನ್ನು ಮುಟ್ಟುವ ಮುನ್ನ

ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕಳೆದದ್ದು ಇಲ್ಲಿ. ಸಾದಾ ಪ್ರೋಗ್ರಾಮಾದರೆ ಟೈಪ್ ಬದಲಿಸಿ ಮತ್ತೆ ಬಿಲ್ಡ್ ಮಾಡಿದರೆ ಮುಗಿಯಿತು. ಶೇರ್ಡ್ ಲೈಬ್ರರಿ ಹಾಗಲ್ಲ. ನಿಮ್ಮ ಹಳೆಯ ಹೆಡರ್ ನೋಡಿ ಕಂಪೈಲ್ ಆದ ಪ್ರೋಗ್ರಾಮುಗಳು ಯಾರದೋ ಯಂತ್ರದಲ್ಲಿ ಕೂತಿರುತ್ತವೆ. ನೀವು ಡಾಟ್-ಎಸ್‌ಒ ಫೈಲನ್ನು ಮಾತ್ರ ಬದಲಿಸುತ್ತೀರಿ. ಅವು ಮತ್ತೆ ಕಂಪೈಲ್ ಆಗುವುದಿಲ್ಲ.

ಉದಾಹರಣೆಗೆ ಹೊರಗಿನ ಸ್ಟ್ರಕ್ಟ್‌ನಲ್ಲಿ "ಉದ್ದ" ಎಂಬ ಇಂಟ್ ಇದೆ ಎನ್ನಿ. ವಾರ್ನಿಂಗು ಬಂತೆಂದು ಅದನ್ನು ಸೈಜ್-ಟಿ ಮಾಡಿದಿರಿ. 4 ಬೈಟ್ ಇದ್ದದ್ದು 8 ಆಯಿತು, ಅದರ ನಂತರದ ಫೀಲ್ಡುಗಳೆಲ್ಲ ಸರಿದವು. ಹಳೆಯ ಪ್ರೋಗ್ರಾಮು ಹಳೆಯ ಜಾಗದಲ್ಲೇ ಓದುತ್ತದೆ. ಸಿಗುವುದು ಕಸ. ರಿಟರ್ನ್ ಟೈಪ್ ಇಂಟ್‌ನಿಂದ ಬೂಲ್‌ಗೆ ಬದಲಿಸುವುದೂ ಅಪಾಯವೇ. ಬೂಲ್ ಕೊಡುವ ಫಂಕ್ಷನ್ ರಿಜಿಸ್ಟರಿನ ಮೇಲಿನ ಬಿಟ್‌ಗಳನ್ನು ಸ್ವಚ್ಛ ಮಾಡದೆ ಬಿಡಬಹುದು. ಹಳೆಯ ಪ್ರೋಗ್ರಾಮು ಪೂರ್ತಿ ಇಂಟ್ ಓದುತ್ತದೆ, "ಇಲ್ಲ" ಎಂದದ್ದು ಅದಕ್ಕೆ "ಹೌದು" ಎಂದು ಕೇಳಿಸಬಹುದು.

ಆದ್ದರಿಂದ ನನ್ನ ನಿಯಮ: ಒಳಗಿನ ಫೈಲುಗಳಲ್ಲಿ ಮನಸ್ಸಿಗೆ ಬಂದಂತೆ ತಿದ್ದಿ, ಪಬ್ಲಿಕ್ ಹೆಡರಿನಲ್ಲಿ ಟೈಪ್ ಬದಲಿಸಬೇಡಿ. ಚಾರ್ ಪಾಯಿಂಟರ್ ತೆಗೆದುಕೊಳ್ಳುವ ಫಂಕ್ಷನ್ ಹಾಗೆಯೇ ಇರಲಿ, ಒಳಗೆ ಬಂದ ಮೇಲೆ ಅನ್‌ಸೈನ್ಡ್ ಮಾಡಿಕೊಳ್ಳಿ. ಹೆಡರಿನಲ್ಲೇ ಅನ್‌ಸೈನ್ಡ್ ಎಂದು ಬದಲಿಸಿದರೆ ಬೈನರಿ ಮುರಿಯುವುದಿಲ್ಲ ನಿಜ. ಆದರೆ ನಿಮ್ಮ ಒಂದು ವಾರ್ನಿಂಗು ಹೋಗಿ, ಬಳಸುವವರೆಲ್ಲರ ಮನೆಯಲ್ಲೂ ಒಂದೊಂದು ಹುಟ್ಟುತ್ತದೆ. ನಿಜವಾಗಿಯೂ ಇಂಟ್ ಸಾಲದು ಎಂದಾದರೆ ಹೊಸ ಹೆಸರಿನ ಫಂಕ್ಷನ್ ಸೇರಿಸಿ, ಹಳೆಯದು ಹೊಸದನ್ನು ಕರೆಯಲಿ, ಇಂಟ್‌ನಲ್ಲಿ ಹಿಡಿಯದಿದ್ದರೆ ಎರರ್ ಕೊಡಲಿ. ಸ್ಟ್ರಕ್ಟ್ ಬದಲಿಸಲೇಬೇಕು ಎಂದಾದರೆ ಸೋನೇಮ್‌ನ (ಪ್ರೋಗ್ರಾಮು ಲೈಬ್ರರಿಯನ್ನು ಹುಡುಕುವ ಹೆಸರಿನ) ಅಂಕಿ ಏರಿಸಿ. ಒಂದಿದ್ದದ್ದು ಎರಡಾಗಲಿ. ಆಗ ಹಳೆಯ ಪ್ರೋಗ್ರಾಮು ಹಳೆಯ ಲೈಬ್ರರಿಯನ್ನೇ ಹುಡುಕುತ್ತದೆ.

ಇದೇ ಕಷ್ಟ ದೊಡ್ಡವರಿಗೂ ಬಂದಿದೆ. 32 ಬಿಟ್ ಸಿಸ್ಟಮ್‌ಗಳ 32 ಬಿಟ್ ಟೈಮ್-ಟಿ (ಸಮಯ ಹಿಡಿಯುವ ಟೈಪ್) 2038ರ ಜನವರಿ 19ಕ್ಕೆ ಉಕ್ಕುತ್ತದೆ. ಗ್ಲಿಬ್‌ಸಿ 2.34, 2021ರಲ್ಲಿ, 64 ಬಿಟ್ ಸಮಯವನ್ನು ಕೇಳಿ ಪಡೆಯುವ ಮ್ಯಾಕ್ರೋ ಕೊಟ್ಟಿತು. ಡೆಬಿಯನ್ ತನ್ನ 32 ಬಿಟ್ ಆರ್ಮ್‌ಗೆ ಅದನ್ನು ಆನ್ ಮಾಡಲು ಹೊರಟಾಗ, ಹೆಡರಿನಲ್ಲಿ ಟೈಮ್-ಟಿ ಕಾಣಿಸುವ ಎಷ್ಟೋ ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ ಟಿ64 ಎಂಬ ಬಾಲ ಸೇರಿಸಬೇಕಾಯಿತು. ನಿಮ್ಮ ಪಬ್ಲಿಕ್ ಹೆಡರಿನಲ್ಲಿ ಟೈಮ್-ಟಿ ಇದ್ದರೆ ಈಗಲೇ ಗುರುತು ಹಾಕಿಟ್ಟುಕೊಳ್ಳಿ.

ಏನು ಮುರಿದಿದೆ ಎಂದು ಕಣ್ಣಲ್ಲಿ ನೋಡಿ ಹೇಳಲಾಗದು. ಹಳೆಯ ಮತ್ತು ಹೊಸ ಡಾಟ್-ಎಸ್‌ಒ ಎರಡನ್ನೂ ಡಿಬಗ್ ಮಾಹಿತಿ ಸಮೇತ ಕಟ್ಟಿ, ಲಿಬ್‌ಅಬಿಗೇಲ್‌ನ ಎಬಿಐ-ಡಿಫ್‌ಗೆ ಕೊಡಿ. ಯಾವ ಫಂಕ್ಷನ್ ಹೋಯಿತು, ಯಾವ ಫೀಲ್ಡ್ ಸರಿಯಿತು ಎಂದು ಪಟ್ಟಿ ಕೊಡುತ್ತದೆ.

ಹೆಜ್ಜೆ 6: ಲಿಂಕರಿನ ಕೆಲಸ

ಇದು ಬೇಗ ಮುಗಿಯುತ್ತದೆ. "ಎಫ್-ಪಿಕ್ ಹಾಕಿ ಮತ್ತೆ ಕಂಪೈಲ್ ಮಾಡಿ" ಎಂದು ಲಿಂಕರ್ ಹೇಳಿದರೆ ಲೈಬ್ರರಿಗೆ ಸೇರುವ ಎಲ್ಲ ಫೈಲಿಗೂ ಹಾಕಿ. ಆಮೇಲೆ ಎಫ್-ವಿಸಿಬಿಲಿಟಿ-ಹಿಡನ್ ಹಾಕಿ, ಹೊರಗೆ ಕಾಣಬೇಕಾದ ಫಂಕ್ಷನ್‌ಗಳಿಗೆ ಮಾತ್ರ ಒಂದು ಮ್ಯಾಕ್ರೋ ಅಂಟಿಸಿ. ಆ ಮ್ಯಾಕ್ರೋ ಲಿನಕ್ಸ್‌ನಲ್ಲಿ ವಿಸಿಬಿಲಿಟಿ ಆಟ್ರಿಬ್ಯೂಟ್ ಆಗಲಿ, ವಿಂಡೋಸ್‌ನಲ್ಲಿ ಡಿಎಲ್‌ಎಲ್-ಎಕ್ಸ್‌ಪೋರ್ಟ್ ಆಗಲಿ. ಸಿಂಬಲ್‌ಗಳ ಪಟ್ಟಿ ಕೊಡುವ ಎನ್‌ಎಮ್-ಗೆ ದೊಡ್ಡಕ್ಷರದ ಡಿ ಕೊಟ್ಟು ನೋಡಿದರೆ ಹೊರಗೆ ಏನೇನು ಇಣುಕುತ್ತಿದೆ ಎಂದು ಗೊತ್ತಾಗುತ್ತದೆ. ಮೊದಲ ಸಲ ನೋಡಿದಾಗ ನನಗೆ ನಾಚಿಕೆಯಾಯಿತು. "ಟೆಂಪ್" ಎಂಬ ಹೆಸರಿನ ಗ್ಲೋಬಲ್ ಲೋಕಕ್ಕೆಲ್ಲ ಕಾಣುತ್ತಿತ್ತು.

ಗ್ಲೋಬಲ್ ಎಂದಾಗ ನೆನಪಾಯಿತು. ಎಕ್ಸ್‌ಟರ್ನ್ ಇಲ್ಲದೆ ಹೆಡರಿನಲ್ಲಿ ವೇರಿಯಬಲ್ ಬರೆದಿದ್ದರೆ 2020ರ ಜಿಸಿಸಿ 10ರಿಂದ "ಎರಡೆರಡು ಸಲ ಇದೆ" ಎಂದು ಲಿಂಕ್ ನಿಲ್ಲುತ್ತದೆ. ಹೆಡರಿನಲ್ಲಿ ಎಕ್ಸ್‌ಟರ್ನ್ ಹಾಕಿ, ಯಾವುದಾದರೂ ಒಂದೇ ಸಿ ಫೈಲಿನಲ್ಲಿ ನಿಜವಾದ ವೇರಿಯಬಲ್ ಇಡಿ. ಎಫ್-ಕಾಮನ್ ಎಂಬ ಫ್ಲ್ಯಾಗ್ ಹಾಕಿ ತಪ್ಪಿಸಿಕೊಳ್ಳುವುದು ಸೋಮಾರಿತನ.

ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿ ಕಟ್ಟುವಾಗ ಸಿಗದ ಸಿಂಬಲ್‌ಗಳನ್ನು ಲಿಂಕರ್ ಸುಮ್ಮನೆ ಬಿಟ್ಟುಬಿಡುತ್ತದೆ. ಮ್ಯಾತ್ ಲೈಬ್ರರಿ ಸೇರಿಸುವುದು ಮರೆತರೂ ಬಿಲ್ಡ್ ಆಗುತ್ತದೆ, ಬಳಸುವವನ ಹತ್ತಿರ ಸಿಡಿಯುತ್ತದೆ. ಲಿಂಕರಿಗೆ ಜೆಡ್-ಡೆಫ್ಸ್ ಕೊಟ್ಟರೆ ನಿಮ್ಮ ಹತ್ತಿರವೇ ಸಿಡಿಯುತ್ತದೆ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಇದು ಮೊದಲಿನಿಂದಲೂ ಎರರ್.

ವಿಂಡೋಸ್‌ನಲ್ಲಿ ಒಂದು ಡಿಎಲ್‌ಎಲ್ ಮ್ಯಾಲಕ್ ಮಾಡಿದ್ದನ್ನು ಬೇರೆ ರನ್‌ಟೈಮ್‌ನ ಪ್ರೋಗ್ರಾಮು ಫ್ರೀ ಮಾಡುವಂತಿಲ್ಲ. ಹಾಗಾಗಿ ನಿಮ್ಮ ಲೈಬ್ರರಿ ಸ್ಟ್ರಿಂಗ್ ಕೊಟ್ಟರೆ, ಅದನ್ನು ಬಿಡುಗಡೆ ಮಾಡುವ ಫಂಕ್ಷನ್ನನ್ನೂ ನೀವೇ ಕೊಡಿ.

ಹೆಜ್ಜೆ 7: ಬೇರೆ ಊರುಗಳಲ್ಲಿ ಓಡಿಸಿ

ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದರೂ ಸಾಕು. ಎಂ-32 ಫ್ಲ್ಯಾಗಿನಿಂದ 32 ಬಿಟ್ ಬಿಲ್ಡ್. ಎಫ್-ಅನ್‌ಸೈನ್ಡ್-ಚಾರ್‌ನಿಂದ ಆರ್ಮ್‌ನ ನೆರಳು. ಮಿಂಗ್‌ಡಬ್ಲ್ಯೂನಿಂದ ವಿಂಡೋಸ್. ಬೇರೆ ಪ್ರೊಸೆಸರಿನ ವೇಷ ಹಾಕುವ ಕ್ಯೂಇಎಮ್‌ಯು ಯೂಸರ್ ಮೋಡ್‌ನಲ್ಲಿ ಎಸ್390ಎಕ್ಸ್ ಬಿಲ್ಡ್ ಓಡಿಸಿದರೆ ಬಿಗ್ ಎಂಡಿಯನ್ ತಪ್ಪುಗಳು ಹೊರಬರುತ್ತವೆ. ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಸರ್ ಎರಡನ್ನೂ ಹಾಕಿ ಒಮ್ಮೆ ಟೆಸ್ಟ್ ಓಡಿಸಿ.

ಆಲ್ಪೈನ್ ಲಿನಕ್ಸ್ ಕಂಟೇನರ್ ತಪ್ಪಿಸಬೇಡಿ. ಅಲ್ಲಿರುವ ಸಿ ಲೈಬ್ರರಿ ಮಸ್ಲ್, ಗ್ಲಿಬ್‌ಸಿ ಅಲ್ಲ. ಬ್ಯಾಕ್‌ಟ್ರೇಸ್‌ನ ಎಕ್ಸೆಕ್‌ಇನ್ಫೋ ಹೆಡರ್ ಅಲ್ಲಿಲ್ಲ. ಸ್ಟ್ರ್‌ಎರರ್-ಆರ್ ಗ್ನೂ ರೀತಿಯಲ್ಲಿ ಚಾರ್ ಪಾಯಿಂಟರ್ ಕೊಡುತ್ತದೆ, ಪೋಸಿಕ್ಸ್ ರೀತಿಯಲ್ಲಿ ಇಂಟ್. ಮಸ್ಲ್‌ನಲ್ಲಿರುವುದು ಎರಡನೆಯದು. ಥ್ರೆಡ್ಡಿನ ಸ್ಟ್ಯಾಕ್ ಕೂಡ ಅಲ್ಲಿ ತಾನಾಗಿ ಸಿಗುವುದು 128 ಕಿಲೋಬೈಟ್ ಮಾತ್ರ. ಗ್ಲಿಬ್‌ಸಿಯಲ್ಲಿ ಸಾಮಾನ್ಯವಾಗಿ 8 ಮೆಗಾಬೈಟ್ ಸಿಗುತ್ತದೆ. ಫಂಕ್ಷನ್ನಿನ ಒಳಗೆ ದೊಡ್ಡ ಅರೇ ಇಟ್ಟುಕೊಂಡ ಲೈಬ್ರರಿ ಅಲ್ಲಿ ಕಾರಣವೇ ತಿಳಿಯದಂತೆ ಬೀಳುತ್ತದೆ. ಡಬ್ಲ್ಯೂ-ಫ್ರೇಮ್-ಲಾರ್ಜರ್-ದ್ಯಾನ್ ಹಾಕಿ ಅಂಥ ಫಂಕ್ಷನ್‌ಗಳನ್ನು ಮೊದಲೇ ಹಿಡಿಯಿರಿ. ಮ್ಯಾಕ್‌ಗೆ ಬಂದರೆ ಕ್ಯೂಸಾರ್ಟ್-ಆರ್‌ನ ಆರ್ಗ್ಯುಮೆಂಟುಗಳ ಕ್ರಮವೇ ಲಿನಕ್ಸ್‌ನಂತಿಲ್ಲ. ಆ ಫಂಕ್ಷನ್ ಬಿಡುವುದೇ ಒಳ್ಳೆಯದು.

ಹೆಜ್ಜೆ 8: ಉಳಿದವನ್ನು ಏನು ಮಾಡುವುದು

ಕೆಲವು ವಾರ್ನಿಂಗುಗಳಿಗೆ ತಿದ್ದುಪಡಿ ಇಲ್ಲ. ಕಾಲ್‌ಬ್ಯಾಕ್‌ನಲ್ಲಿ ಬಳಸದ ಆರ್ಗ್ಯುಮೆಂಟ್ ಇದ್ದೇ ಇರುತ್ತದೆ, ಅದನ್ನು ವಾಯ್ಡ್‌ಗೆ ಕಾಸ್ಟ್ ಮಾಡಿ ಬಿಡಿ. ಸ್ವಿಚ್‌ನಲ್ಲಿ ಬೇಕೆಂದೇ ಕೆಳಗೆ ಜಾರುವ ಕೇಸ್ ಇದ್ದರೆ ಫಾಲ್‌ಥ್ರೂ ಆಟ್ರಿಬ್ಯೂಟ್ ಹಾಕಿ. ಬೇರೆಯವರ ಹೆಡರಿನಿಂದ ಬರುವ ವಾರ್ನಿಂಗಿಗೆ ಆ ಡೈರೆಕ್ಟರಿಯನ್ನು ಐ-ಸಿಸ್ಟಮ್ ಎಂದು ಸೇರಿಸಿ. ಮಿಕ್ಕ ಕಡೆ ಡಯಾಗ್ನಾಸ್ಟಿಕ್ ಪ್ರಾಗ್ಮಾ: ಪುಶ್, ಇಗ್ನೋರ್, ಆ ಒಂದು ಸಾಲು, ಪಾಪ್. ಪಕ್ಕದಲ್ಲಿ ಯಾಕೆ ಎಂದು ಕಾಮೆಂಟ್ ಇರಲಿ. ಇಡೀ ಪ್ರಾಜೆಕ್ಟಿಗೇ ಒಂದು ಬಗೆಯನ್ನು ಆಫ್ ಮಾಡಿದರೆ ಆರು ತಿಂಗಳ ಮೇಲೆ ಬರುವ ಹೊಸ ತಪ್ಪೂ ಅದರಡಿ ಮುಚ್ಚಿಹೋಗುತ್ತದೆ.

ಎಲ್ಲ ಸ್ವಚ್ಛವಾದ ಮೇಲೆ ವಾರ್ನಿಂಗನ್ನೂ ಎರರ್ ಮಾಡುವ ಡಬ್ಲ್ಯೂ-ಎರರ್ ಹಾಕಬೇಕೆ? ನಿಮ್ಮ ಸಿಐ (ಕಮಿಟ್ ಆದಾಗ ತಾನಾಗಿ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ) ಸರ್ವರಿನಲ್ಲಿ ಹಾಕಿ. ಜನ ಡೌನ್‌ಲೋಡ್ ಮಾಡುವ ಮೇಕ್‌ಫೈಲಿನಲ್ಲಿ ಬೇಡ. ಮುಂದಿನ ವರ್ಷದ ಕಂಪೈಲರ್ ಒಂದು ಹೊಸ ವಾರ್ನಿಂಗು ಕಲಿತು ಬರುತ್ತದೆ. ಆಗ ನಿಮ್ಮ ಲೈಬ್ರರಿಯಲ್ಲಿ ಏನೂ ಕೆಟ್ಟಿರದಿದ್ದರೂ ಯಾವನೋ ಪ್ಯಾಕೇಜ್ ಮಾಡುವವನ ಬಿಲ್ಡ್ ನಿಲ್ಲುತ್ತದೆ. ಅವನ ಮೊದಲ ಕೆಲಸ ನಿಮ್ಮ ಡಬ್ಲ್ಯೂ-ಎರರ್ ಕಿತ್ತುಹಾಕುವುದು.

ನನ್ನ ಸಿಐನಲ್ಲಿ ಈಗ ಆರು ಬಿಲ್ಡ್ ಓಡುತ್ತವೆ. ಅನ್‌ಸೈನ್ಡ್ ಚಾರ್‌ನದು ಎಲ್ಲಕ್ಕಿಂತ ಮೊದಲು. ಅದರ ಮೊದಲ ಟೆಸ್ಟ್ "ಕನ್ನಡ" ಎಂಬ ಪದ, ಉತ್ತರ 3 ಬರದಿದ್ದರೆ ಮಿಕ್ಕ ಐದು ಶುರುವೇ ಆಗುವುದಿಲ್ಲ.